ಏರಿಯಲ್‌ನಲ್ಲಿ ಅಡಗಿದ ಹೆಸರು: ಶಿಂತಾರೋ ಉದಾ

ರಾಯದುರ್ಗ, ಮಡಕಶಿರಾ ಸೀಮೆಗೂ ನಮ್ಮ ಕಾಸರಗೋಡಿಗೂ ನಡುವೆ ಘಟ್ಟವಿದೆ, ಬಯಲಿದೆ, ದೂರದ ದಾರಿಯಿದೆ. ಅಲ್ಲಿ ಮಳೆ ಕಡಿಮೆ, ಮಣ್ಣಿನ ಮಾಳಿಗೆ ಮನೆಗಳು. ಇಲ್ಲಿ ಜಡಿಮಳೆ, ಹಂಚಿನ ಮಾಡು. ಆದರೂ ಒಂದು ಕಾಲಕ್ಕೆ ಎರಡೂ ಕಡೆಯ ಕನ್ನಡ ಮನೆಗಳಿಗೆ ಒಂದೇ ಪ್ರಶ್ನೆ ಎದುರಾಗಿತ್ತು. ಸಾಲಸೋಲ ಮಾಡಿ ಟಿ.ವಿ. ತಂದದ್ದಾಯಿತು, ಏರಿಯಲನ್ನು ಯಾವ ದಿಕ್ಕಿಗೆ ತಿರುಗಿಸುವುದು?

ಪ್ರಶ್ನೆ ಹುಟ್ಟಿದ್ದು ಟಿ.ವಿ. ಬರುವುದಕ್ಕೆ ಬಹಳ ಮುಂಚೆಯೇ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯದೇ ಆಗಿದ್ದರೂ ಅದರ ಮೂರು ಕಡೆಗೂ ಕರ್ನಾಟಕವೇ ಇದೆ. ನೊಳಂಬ ಅರಸರ ಹೇಮಾವತಿ ಇರುವುದು ಅಲ್ಲಿಯೇ. 2022ರಲ್ಲಿ ಅದು ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗವಾಯಿತು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಾಗಿ ಸರಿಯಾಗಿ 25 ವರ್ಷಕ್ಕೆ, 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಗಡಿಯ ಈಚೆಗೆ ಉಳಿದ ಮನುಷ್ಯ ಊರು ಬಿಟ್ಟು ಹೋಗಲಾರ. ಆದರೆ ಅವನ ಮಾಡಿನ ಮೇಲಿನ ಏರಿಯಲ್ ಗಡಿಯ ಆಚೆಗೆ ಮುಖ ಮಾಡಬಹುದಿತ್ತು.

ಮೀನಿನ ಮುಳ್ಳಿನಂತೆ ಕಾಣುತ್ತಿದ್ದ ಆ ಏರಿಯಲ್ಲಿಗೆ ಪೇಟೆಯಲ್ಲೂ ಪುಸ್ತಕದಲ್ಲೂ ಯಾಗಿ ಆಂಟೆನಾ ಎಂದು ಹೆಸರು. ಯಾಗಿ ಎಂಬುದು ಜಪಾನಿನ ಒಬ್ಬ ಪ್ರಾಧ್ಯಾಪಕರ ಹೆಸರು. ಆದರೆ ಅದನ್ನು ಕೈಯಾರೆ ಕಟ್ಟಿ, ಅಳೆದು, ಪರೀಕ್ಷಿಸಿ ರೂಪ ಕೊಟ್ಟವರು ಇನ್ನೊಬ್ಬರು. ಅವರೇ ಶಿಂತಾರೋ ಉದಾ. ಇಂದು ಅವರ ಬಾಳಿನ ಕಥೆಯನ್ನು ಹೇಳಬೇಕೆಂದು ನಾವು ಬಯಸಿದ್ದೇವೆ.

ಉದಾ ಅವರು 1896ರ ಜೂನ್ 28ರಂದು ಜಪಾನಿನ ತೊಯಾಮಾ ಪ್ರಾಂತದಲ್ಲಿ ಜನಿಸಿದರು. ಸೆಂದಾಯ್ ನಗರದ ತೊಹೊಕು ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಶಾಸ್ತ್ರವನ್ನು ಓದಿ 1924ರಲ್ಲಿ ಪದವಿ ಪಡೆದರು. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಹಿದೆತ್ಸುಗು ಯಾಗಿ. 1886ರಲ್ಲಿ ಹುಟ್ಟಿದ ಯಾಗಿ ಜರ್ಮನಿ, ಇಂಗ್ಲೆಂಡ್, ಅಮೆರಿಕಗಳಲ್ಲಿ ಅಭ್ಯಾಸ ಮಾಡಿ ಬಂದವರು. ಉದಾ ಅವರ ಕೈಕೆಳಗೆ ಸಂಶೋಧನೆಗೆ ನಿಂತರು. ಮುಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರೂ ಆದರು.

ಆಗ ರೇಡಿಯೋ ಅಲೆ ಎಂದರೆ ಎಲ್ಲ ದಿಕ್ಕಿಗೂ ಚೆಲ್ಲುವ ವಸ್ತು. ಅದನ್ನು ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಕಳುಹಿಸುವುದು ಹೇಗೆ ಎಂಬುದು ಅವರ ಮುಂದಿದ್ದ ಸಮಸ್ಯೆ. ಸುಮಾರು 4.4 ಮೀಟರ್ ಉದ್ದದ ಅಲೆಗಳನ್ನಿಟ್ಟುಕೊಂಡು ಉದಾ ಪ್ರಯೋಗಕ್ಕೆ ತೊಡಗಿದರು. ಒಂದು ಸರಳಿಗೆ ಮಾತ್ರ ವಿದ್ಯುತ್ತಿನ ಸಂಪರ್ಕ. ಅದರ ಹಿಂದೆ ತುಸು ಉದ್ದನೆಯ ಸರಳನ್ನು ನಿಲ್ಲಿಸಿದರೆ ಅದು ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದೆ ತುಸು ಗಿಡ್ಡ ಸರಳುಗಳನ್ನು ಸಾಲಾಗಿ ನಿಲ್ಲಿಸಿದರೆ ಅವು ಅಲೆಗೆ ದಾರಿ ತೋರಿಸುತ್ತವೆ. ಸ್ವೀಕರಿಸುವಾಗಲೂ ಇದೇ ನಿಯಮ. ಹಿಂದಿನ ಸರಳಿಗೂ ಮುಂದಿನವುಗಳಿಗೂ ಯಾವ ತಂತಿಯ ಸಂಪರ್ಕವೂ ಇಲ್ಲ. ಆದರೂ ಸರಿಯಾದ ಅಳತೆಯಲ್ಲಿ, ಸರಿಯಾದ ಜಾಗದಲ್ಲಿ ನಿಂತು ತಾವು ಪಡೆದದ್ದನ್ನೆಲ್ಲ ನಡುವಿನ ಸರಳಿಗೆ ಒಪ್ಪಿಸುತ್ತವೆ. ಉಪಾಯ ಸರಳ, ಆದರೆ ಎಷ್ಟು ಉದ್ದ, ಎಷ್ಟು ಅಂತರ, ಎಷ್ಟು ಸರಳು ಎಂಬುದನ್ನು ಒಂದೊಂದಾಗಿ ಅಳೆದು ಕಂಡುಕೊಳ್ಳಲು ಅವರಿಗೆ ವರ್ಷಗಳೇ ಬೇಕಾದವು.

1926ರಿಂದ 1929ರವರೆಗೆ ಉದಾ ತಮ್ಮ ಫಲಿತಾಂಶಗಳನ್ನು ಸಾಲು ಸಾಲು ಲೇಖನಗಳಾಗಿ ಪ್ರಕಟಿಸಿದರು. ಎಲ್ಲವೂ ಜಪಾನೀ ಭಾಷೆಯಲ್ಲಿ, ಜಪಾನಿನ ಪತ್ರಿಕೆಯಲ್ಲಿ. ಈ ನಡುವೆ ಜಪಾನಿನ ಪೇಟೆಂಟ್ ಯಾಗಿಯವರೊಬ್ಬರ ಹೆಸರಿನಲ್ಲಿ ದಾಖಲಾಯಿತು. 1928ರಲ್ಲಿ ಯಾಗಿ ಅಮೆರಿಕಕ್ಕೆ ಹೋಗಿ ಉಪನ್ಯಾಸ ಮಾಡಿ, ಅಲ್ಲಿನ ಪ್ರಮುಖ ರೇಡಿಯೋ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಲೇಖನ ಬರೆದರು. ಅದರಲ್ಲಿ ಉದಾ ಅವರ ಕೆಲಸವನ್ನು ಸ್ಮರಿಸಿದ್ದಾರೆ. ಕದ್ದರೆಂದು ಯಾಗಿಯವರನ್ನು ದೂರುವುದು ನ್ಯಾಯವಲ್ಲ. ಆದರೆ ಲೇಖನದ ತಲೆಯ ಮೇಲೆ ಇದ್ದುದು ಒಂದೇ ಹೆಸರು. ಲೋಕ ಓದಿದ್ದು ಆ ಲೇಖನವನ್ನು. ಬಾಯಿಗೆ ಬಂದದ್ದು ಆ ಹೆಸರು. ತಾಯ್ನುಡಿಯಲ್ಲಿ ಬರೆದವರ ಹೆಸರು ತಾಯ್ನಾಡಿನೊಳಗೇ ಉಳಿಯಿತು.

ತಾಯ್ನಾಡಿನಲ್ಲಾದರೂ ಅದಕ್ಕೆ ಬೆಲೆ ಬಂತೆ ಎಂದರೆ, ಅದೂ ಇಲ್ಲ. 1942ರಲ್ಲಿ ಸಿಂಗಾಪುರವನ್ನು ಗೆದ್ದ ಜಪಾನೀ ಸೈನ್ಯಕ್ಕೆ ಬ್ರಿಟಿಷರ ರೇಡಾರ್ ಟಿಪ್ಪಣಿಗಳು ಸಿಕ್ಕಿದವು. ಅವುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಯಾಗಿ ಎಂಬ ಪದ ಏನೆಂದು ಅಧಿಕಾರಿಗಳಿಗೆ ತಿಳಿಯಲಿಲ್ಲ. ಅದು ತಮ್ಮ ದೇಶದವರೊಬ್ಬರ ಹೆಸರೆಂದು ಸೆರೆಸಿಕ್ಕ ಬ್ರಿಟಿಷನಿಂದಲೇ ಅವರು ಕೇಳಿ ತಿಳಿಯಬೇಕಾಯಿತೆಂಬುದು ಪ್ರಸಿದ್ಧ ಸಂಗತಿ. ಗುರುವಿನ ಹೆಸರಿಗೇ ಈ ಗತಿಯಾದರೆ ಶಿಷ್ಯನ ಹೆಸರನ್ನು ಕೇಳುವವರು ಯಾರು? 1945ರಲ್ಲಿ ಹಿರೋಶಿಮಾ, ನಾಗಾಸಾಕಿಗಳ ಮೇಲೆ ಬಿದ್ದ ಬಾಂಬುಗಳಲ್ಲಿ ಎತ್ತರವನ್ನು ಅಳೆಯುವ ಉಪಕರಣಕ್ಕೂ ಇದೇ ಬಗೆಯ ಏರಿಯಲ್ಲುಗಳಿದ್ದವು ಎಂಬುದು ಇನ್ನೂ ನೋವಿನ ಮಾತು.

ಉದಾ ಮಾತ್ರ ತಮ್ಮ ಕೆಲಸವನ್ನು ಬಿಡಲಿಲ್ಲ. 1930ರ ದಶಕದ ಆರಂಭದಲ್ಲಿ ಸಕಾತಾ ಎಂಬ ಕಡಲತೀರದ ಊರಿಗೂ ಸುಮಾರು 40 ಕಿಲೋಮೀಟರ್ ದೂರದ ತೊಬಿಶಿಮಾ ದ್ವೀಪಕ್ಕೂ ಈ ಏರಿಯಲ್ಲುಗಳ ಮೂಲಕ ದೂರವಾಣಿ ಸಂಪರ್ಕವನ್ನು ಕಲ್ಪಿಸಿದರು. ಕಡಲಿನಾಚೆಯ ಬೆಸ್ತರ ದ್ವೀಪಕ್ಕೆ ತಂತಿಯಿಲ್ಲದೆ ಮಾತು ತಲುಪಿತು. 1954ರಲ್ಲಿ ಮುಶಿಯಾಕೆ ಎಂಬವರ ಜತೆಗೂಡಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರ ಹೆಸರಿನಲ್ಲೇ ಯಾಗಿ, ಉದಾ ಎರಡೂ ಇವೆ.

ನಮ್ಮ ದೇಶಕ್ಕೂ ಅವರ ಋಣವಿದೆ. 1955ರಿಂದ ಸುಮಾರು ಮೂರು ವರ್ಷ ಅವರು ಯುನೆಸ್ಕೋ ತಜ್ಞರಾಗಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಅವರು ಮರಳಿದ ಬಳಿಕ, 1959ರ ಸೆಪ್ಟೆಂಬರ್ 15ರಂದು ಅದೇ ದೆಹಲಿಯಲ್ಲಿ ಭಾರತದ ಮೊದಲ ಟಿ.ವಿ. ಪ್ರಸಾರ ನಡೆಯಿತು. ಮುಂದೆ ಊರೂರಿನ ಮಾಡಿನ ಮೇಲೆ ಏರಿದ್ದು ಅವರ ಸರಳುಗಳೇ.

ಈಗ ಮತ್ತೆ ಗಡಿನಾಡಿಗೆ ಬರೋಣ. ಉದಾ ಅಳೆದಿಟ್ಟ ನಿಯಮಗಳನ್ನೇ ರಾಯದುರ್ಗ, ಮಡಕಶಿರಾಗಳಂಥ ಊರುಗಳ ಮನೆಮನೆಯೂ ಅರಿಯದೆಯೇ ಪಾಲಿಸಬೇಕಿತ್ತು. ಚಾನೆಲಿಗೆ ತಕ್ಕ ಏರಿಯಲ್ ಆರಿಸುವುದು ಮೊದಲ ಕೆಲಸ. ನಡುವಿನ ಸರಳು ಅಲೆಯ ಉದ್ದದ ಸುಮಾರು ಅರ್ಧದಷ್ಟಿರಬೇಕು: 60 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲಿಗೆ ಎರಡೂವರೆ ಮೀಟರಿನಷ್ಟು, 180ರ ಆಸುಪಾಸಿನದಕ್ಕೆ 80 ಸೆಂಟಿಮೀಟರಿಗೆ ತುಸು ಹೆಚ್ಚು. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಚಾನೆಲಿನದನ್ನು ತಂದರೆ ದುಡ್ಡು ದಂಡ. ಎರಡನೆಯದು ಎತ್ತರ. ಭೂಮಿ ದುಂಡಗಿರುವುದರಿಂದ ಈ ಅಲೆಗಳು ದಿಗಂತವನ್ನು ದಾಟಿ ಹೆಚ್ಚು ದೂರ ಹೋಗಲಾರವು. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರ್; ಮಡಕಶಿರಾದಿಂದ ಬೆಂಗಳೂರು ನೇರ ಗೆರೆಯಲ್ಲೇ ಸುಮಾರು 110. ಅಷ್ಟು ದೂರದ ಕೇಂದ್ರವನ್ನು ಹಿಡಿಯಲು ಎತ್ತರದ ಕೊಳವೆ ಕಂಬ, ಹೆಚ್ಚು ಸರಳುಗಳ ಏರಿಯಲ್, ಅದರ ಬುಡದಲ್ಲೇ ಬೂಸ್ಟರ್ ಬೇಕು; ಇಷ್ಟಾದರೂ ಒಂದು ರಾತ್ರಿ ಕಂಡ ಚಿತ್ರ ಮರುರಾತ್ರಿ ಕಾಣುವ ಭರವಸೆಯಿಲ್ಲ. ಕಂಬಕ್ಕೆ ಬಿಗಿ ತಂತಿ ಕಟ್ಟಬೇಕು, ಸಿಡಿಲಿನಿಂದ ರಕ್ಷಣೆಗೆ ಭೂಸಂಪರ್ಕ ಕೊಡಬೇಕು.

ಕೊನೆಯದು ದಿಕ್ಕು. ಸರಳು ಹೆಚ್ಚಿದಷ್ಟೂ ಏರಿಯಲ್ ದೂರದ್ದನ್ನು ಹಿಡಿಯುತ್ತದೆ. ಆದರೆ ಅಷ್ಟೇ ಬಿಗಿಯಾಗಿ ಒಂದೇ ದಿಕ್ಕಿಗೆ ಕಟ್ಟುಬೀಳುತ್ತದೆ. ರಾಯದುರ್ಗಕ್ಕೆ ಬಳ್ಳಾರಿ ಉತ್ತರ, ಅನಂತಪುರ ಪೂರ್ವ. ಮಡಕಶಿರಾಕ್ಕೆ ಅನಂತಪುರ ಉತ್ತರ, ಬೆಂಗಳೂರು ದಕ್ಷಿಣ. ನಮಗೆ ಮಂಗಳೂರು ಉತ್ತರ, ಕಣ್ಣೂರು ದಕ್ಷಿಣ. ಎರಡೂ ಬೇಕೆಂದು ನಡುವೆ ತಿರುಗಿಸಿದರೆ ಎರಡೂ ಚುಕ್ಕಿಚುಕ್ಕಿ. ಒಬ್ಬರು ಮಾಡಿನ ಮೇಲೆ, ಇನ್ನೊಬ್ಬರು ಅಂಗಳದಲ್ಲಿ, ಮಗು ಟಿ.ವಿ.ಯ ಮುಂದೆ, ಬಂತು, ಹೋಯಿತು ಎಂಬ ಕೂಗಾಟ. ಆ ಕೂಗಾಟದ ಕೊನೆಗೆ ಮನೆಯ ಭಾಷೆ ಪರದೆಯ ಮೇಲೆ ಕಂಡಾಗಿನ ಸಂತೋಷ ಬಹುಸಂಖ್ಯಾತರಿಗೆ ತಿಳಿಯುವಂಥದಲ್ಲ.

ಯಾಗಿ 1976ರ ಜನವರಿಯಲ್ಲಿ ತೀರಿಕೊಂಡರು. ಉದಾ ಅದೇ ವರ್ಷ ಆಗಸ್ಟ್ 18ರಂದು. 1995ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ಇಂಜಿನಿಯರುಗಳ ಸಂಸ್ಥೆ ತೊಹೊಕುವಿನಲ್ಲಿ ನೆಟ್ಟ ಸ್ಮಾರಕ ಫಲಕದಲ್ಲಿ ಇಬ್ಬರ ಹೆಸರೂ ಇದೆ. ಪಠ್ಯಪುಸ್ತಕಗಳೂ ಈಗ ಯಾಗಿ-ಉದಾ ಎಂದೇ ಬರೆಯುತ್ತಿವೆ. ಅಷ್ಟರಲ್ಲಿ ಕೇಬಲ್ಲೂ ಡಿಶ್ಶೂ ಬಂದವು. 2022ರ ಹೊತ್ತಿಗೆ ದೂರದರ್ಶನ ತನ್ನ ಹಳೆಯ ಪ್ರಸಾರ ಗೋಪುರಗಳಲ್ಲಿ ಬಹುಪಾಲನ್ನು ನಿಲ್ಲಿಸಿತು. ಮಾಡಿನ ಮೇಲಿನ ಸರಳುಗಳು ಗುಜರಿ ಸೇರಿದವು.

ಈ ಬಾಳಿನಿಂದ ನಮ್ಮ ಮಕ್ಕಳು ಕಲಿಯುವುದೇನು? ತಾಯ್ನುಡಿಯಲ್ಲಿ ಬರೆದದ್ದು ಉದಾ ಅವರ ತಪ್ಪೆಂದು ನಾವು ಹೇಳಲಾರೆವು. ಆ ಭಾಷೆಯಲ್ಲೇ ಅವರು ಯೋಚಿಸಿದರು, ಅಳೆದರು, ಕಂಡುಹಿಡಿದರು. ಕನ್ನಡದಲ್ಲಿ ಕಲಿತ ಮಕ್ಕಳಿಗೆ ವಿಜ್ಞಾನ ಹತ್ತದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ. ಆದರೆ ಕಂಡುಕೊಂಡದ್ದನ್ನು ನೆರೆಯವರ ಭಾಷೆಯಲ್ಲೂ ಲೋಕದ ಭಾಷೆಯಲ್ಲೂ ತಾವೇ ಹೇಳಲು ಕಲಿಯಬೇಕು. ಇಲ್ಲವಾದರೆ ಬೇರೆಯವರು ಹೇಳುತ್ತಾರೆ, ಹೆಸರೂ ಅವರದೇ ಆಗುತ್ತದೆ. ಮುಂದೆ ನಿಂತು ಹೇಳುವ ಭಾಗ್ಯ ಪಡೆದವರೂ ಹಿಂದೆ ನಿಂತು ದುಡಿದವರ ಹೆಸರನ್ನು ತಮ್ಮ ಹೆಸರಿನ ಪಕ್ಕದಲ್ಲೇ ಬರೆಯಬೇಕು.

ಕನ್ನಡದ ಪಾಠಪುಸ್ತಕಗಳಲ್ಲಿ ಉದಾಹರಣೆ ಎಂಬ ಪದವನ್ನು ಮೊಟಕುಮಾಡಿ ಉದಾ ಎಂದು ಬರೆಯುವ ವಾಡಿಕೆಯಿದೆ. ತರಗತಿಯಲ್ಲಿ ಆ ಎರಡಕ್ಷರವನ್ನು ಬರೆಯುವಾಗಲೆಲ್ಲ ನಮಗೆ ಈ ಮಹನೀಯರ ನೆನಪಾಗುತ್ತದೆ.