ಲೆಕ್ಕಿಗನ ಕಣ್ಣಿಗೆ ಕಂಡ ಲೋಕ

ಹಗಲೆಲ್ಲ ಅನ್ಯರ ಹಣದ ಲೆಕ್ಕ ಬರೆದು ಸಂಜೆ ಮನೆ ಸೇರುವ ನಮ್ಮಂಥವರಿಗೆ ವಿಜ್ಞಾನವೆಂದರೆ ದೂರದ ಬೆಟ್ಟ. ಅದು ಪಂಡಿತರ ಸೊತ್ತು, ಪರಭಾಷೆಯಲ್ಲಿ ಮಾತ್ರ ಒಲಿಯುವ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದನ್ನು ಅಲುಗಿಸುವ ಜೀವನವೊಂದನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ವಾಚಕರ ಮುಂದಿಡಬಯಸುತ್ತೇವೆ.

ಆಂಟೋನಿ ವಾನ್ ಲೀವೆನ್‌ಹುಕ್ ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ತಂದೆ ಬುಟ್ಟಿ ಹೆಣೆಯುವವನು. ಮಗನು ಎಳೆಯನಿರುವಾಗಲೇ ತೀರಿಕೊಂಡನು. ಹುಡುಗನು ಹದಿನಾರನೆಯ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮಿನ ಜವಳಿ ವ್ಯಾಪಾರಿಯೊಬ್ಬನಲ್ಲಿ ಸೇರಿ, ಲೆಕ್ಕ ಬರೆಯುವುದನ್ನೂ ನಗದು ನೋಡಿಕೊಳ್ಳುವುದನ್ನೂ ಕಲಿತನು. 1654ರಲ್ಲಿ ಊರಿಗೆ ಮರಳಿ ಬಟ್ಟೆಯಂಗಡಿ ತೆರೆದನು. 1660ರಲ್ಲಿ ಪಟ್ಟಣದ ಆಡಳಿತದಲ್ಲಿ ಸಣ್ಣ ನೌಕರಿಯೂ ದೊರೆಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಆತನು ಹತ್ತಲಿಲ್ಲ. ವಿದ್ವಾಂಸರ ಲ್ಯಾಟಿನ್ ಬಾರದು. ಬಲ್ಲುದು ತಾಯಿನುಡಿ ಡಚ್ ಒಂದೇ.

ನೂಲಿನ ಎಳೆಗಳನ್ನು ಪರೀಕ್ಷಿಸಲು ಜವಳಿಯವರು ಭೂತಗನ್ನಡಿ ಬಳಸುತ್ತಿದ್ದರು. ಈತನ ಕುತೂಹಲವು ಅಷ್ಟಕ್ಕೇ ನಿಲ್ಲಲಿಲ್ಲ. ಆಗಿನ ಹಲವು ಮಸೂರಗಳ ಸೂಕ್ಷ್ಮದರ್ಶಕದಲ್ಲಿ ಬಣ್ಣದ ಅಂಚು ಮೂಡಿ ನೋಟ ಕಲಕುತ್ತಿತ್ತು. ಈತನು ಸಣ್ಣ ಮಣಿಯಂತಹ ಒಂದೇ ಮಸೂರವನ್ನು ಎರಡು ಲೋಹದ ತಗಡುಗಳ ನಡುವೆ ಕೂರಿಸಿ, ವಸ್ತುವನ್ನು ಸೂಜಿಮೊನೆಯಲ್ಲಿಟ್ಟು, ತಿರುಪಿನಿಂದ ಸರಿಪಡಿಸಿ, ಕಣ್ಣಿಗೆ ಒತ್ತಿ ಹಿಡಿದು ನೋಡಿದನು. ಉಳಿದುಬಂದಿರುವ ಇಂತಹ ಉಪಕರಣಗಳಲ್ಲೊಂದು ಸುಮಾರು 266 ಪಟ್ಟು ಹಿಗ್ಗಿಸುತ್ತದೆ.

ಆದರೆ ಹಿಗ್ಗಿಸಿದ ಮಾತ್ರಕ್ಕೆ ಅಂಗಾಂಶದ ಒಳರಚನೆ ಕಾಣಿಸದು. ದಪ್ಪ ತುಂಡಿನ ಮೂಲಕ ಬೆಳಕು ಹಾಯದು. ಆದ್ದರಿಂದ ಹಸುವಿನ ದೃಷ್ಟಿನರವನ್ನು ತೆಳುವಾಗಿ ಸೀಳಿ, 1674ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿದನು. ಬಣ್ಣವಿಲ್ಲದ ಎಳೆಗಳು ಒಂದರಿಂದೊಂದು ಬೇರೆಯಾಗಿ ತೋರವು; ಆದ್ದರಿಂದ 1714ರಲ್ಲಿ, ಎಂಬತ್ತು ದಾಟಿದ ಮೇಲೆ, ಕೇಸರಿಯಿಂದ ಮಾಂಸದ ಎಳೆಗಳಿಗೆ ಬಣ್ಣ ಕಟ್ಟಿದನು. ಇಂದಿಗೂ ರೋಗಪರೀಕ್ಷೆಯ ಪ್ರಯೋಗಶಾಲೆಗಳಲ್ಲಿ ಅಂಗಾಂಶವನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಹಿಗ್ಗಿಸಿ ನೋಡುವ ಕ್ರಮವೇ ನಡೆದುಬಂದಿದೆ.

ಹೀಗೆ ಆತನು ರಕ್ತದ ಕೆಂಪು ಕಣಗಳನ್ನು ಕಂಡು, ಮರಳಿನ ಕಾಳಿಗೆ ಹೋಲಿಸಿ ಅಳೆದನು. ಸ್ನಾಯುವಿನ ಅಡ್ಡಗೆರೆಗಳನ್ನು ಕಂಡನು. 1688ರಲ್ಲಿ ಗೊದಮೊಟ್ಟೆಯ ಬಾಲದೊಳಗೆ ಕೂದಲಿಗಿಂತ ಕಿರಿದಾದ ನಾಳಗಳಲ್ಲಿ ರಕ್ತಕಣಗಳು ಹರಿಯುವುದನ್ನು ಕಂಡನು. ರಕ್ತವು ಸುತ್ತಿ ಬರುತ್ತದೆಂದು ಹಾರ್ವೆ 1628ರಲ್ಲೇ ಸಾರಿದ್ದನು. ಸುತ್ತನ್ನು ಪೂರ್ತಿಗೊಳಿಸುವ ಕಿರುನಾಳಗಳನ್ನು 1661ರಲ್ಲಿ ಮಾಲ್ಪೀಗಿ ತೋರಿಸಿದ್ದನು. ಈ ಲೆಕ್ಕಿಗನ ಕಣ್ಣು ಅದನ್ನು ಮತ್ತಷ್ಟು ಸ್ಪಷ್ಟಪಡಿಸಿತು.

1676ರಲ್ಲಿ ನೀರಿನೊಳಗಿನ ಸೂಕ್ಷ್ಮಜೀವಿಗಳ ವಿಷಯ ಬರೆದಾಗ ಪಂಡಿತರು ಸಂಶಯಪಟ್ಟರು. ಈತನು ಊರಿನ ಮರ್ಯಾದಸ್ಥರಿಗೆ ಅವನ್ನು ತೋರಿಸಿ, ಸಾಕ್ಷಿಪತ್ರ ಪಡೆದು ಕಳುಹಿದನು. 1677ರಲ್ಲಿ ರಾಬರ್ಟ್ ಹುಕ್ ತಾನೇ ಪ್ರಯೋಗ ಮಾಡಿ ನಿಜವೆಂದು ಕಂಡನು. 1680ರಲ್ಲಿ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು.

ಒಂದು ಕೊರತೆಯನ್ನೂ ಹೇಳಬೇಕು. ಉತ್ತಮ ಮಸೂರ ಮಾಡುವ ಬಗೆಯನ್ನು ಆತನು ಯಾರಿಗೂ ಕಲಿಸಲಿಲ್ಲ. 1723ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಆ ಗುಟ್ಟು ಆತನೊಡನೆಯೇ ಹೋಯಿತು. 2021ರಲ್ಲಿ ಡಚ್ ವಿಜ್ಞಾನಿಗಳು ನ್ಯೂಟ್ರಾನ್ ಕಿರಣ ಹಾಯಿಸಿ, ಆ 266 ಪಟ್ಟಿನ ಉಪಕರಣದ ಒಳಗಿದ್ದುದು ಗಾಜನ್ನು ಕರಗಿಸಿ ಮಾಡಿದ ಮಣಿಯೆಂದು ಕಂಡುಕೊಂಡರು. ಅಂತಹ ಮಣಿ ಮಾಡುವ ಬಗೆಯನ್ನು ಹುಕ್ ಬಹು ಹಿಂದೆಯೇ ಅಚ್ಚಿನಲ್ಲಿ ಪ್ರಕಟಿಸಿದ್ದನು! ಬಚ್ಚಿಟ್ಟ ವಿದ್ಯೆಯಿಂದ ಯಾರಿಗೇನು ಲಾಭ?

ಆದರೂ ಐವತ್ತು ವರ್ಷ ಆತನು ಬರೆದ ಕಾಗದಗಳೆಲ್ಲ ತಾಯಿನುಡಿಯವೇ. ಅನುವಾದ ಮಾಡಿಸಿಕೊಂಡವರು ಪಂಡಿತರು. ಪರಭಾಷೆಯ ಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಹತ್ತು ಭಾಷೆ ಕಲಿಯಲಿ, ಸಂತೋಷವೇ. ಆದರೆ ತಾವು ಕಂಡುದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಬಂದಾಗ, ಲೆಕ್ಕದ ಪುಸ್ತಕವನ್ನು ಬದಿಗಿಟ್ಟು ನಾವು ಕೇಳೋಣ.