ಟ್ಯೂಷನ್ ಮೇಷ್ಟ್ರು ರೌತ್
ಕಂಟ್ರೋಲ್ ಸಿಸ್ಟಮ್ಸ್ ಓದಿದ ನಮಗೆಲ್ಲ ರೌತ್ ಟೇಬಲ್ ಗೊತ್ತು. ಮೊದಲ ಕಾಲಮ್ಮಿನಲ್ಲಿ ಚಿಹ್ನೆ ಬದಲಾದರೆ ಸಿಸ್ಟಮ್ ಅಸ್ಥಿರ, ಅಷ್ಟೇ. ಆದರೆ ಈ ರೌತ್ ವೃತ್ತಿಯಲ್ಲಿ ಟ್ಯೂಷನ್ ಮೇಷ್ಟ್ರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಎಡ್ವರ್ಡ್ ಜಾನ್ ರೌತ್ ಹುಟ್ಟಿದ್ದು 1831ರಲ್ಲಿ, ಕೆನಡಾದ ಕ್ವಿಬೆಕ್‌ನಲ್ಲಿ. 1854ರ ಕೇಂಬ್ರಿಡ್ಜ್ ಗಣಿತ ಪರೀಕ್ಷೆಯಲ್ಲಿ ಇವರದು ಮೊದಲ ರ‍್ಯಾಂಕ್. ಎರಡನೆಯದು ಯಾರದು ಗೊತ್ತಾ? ನಮ್ಮ ಮ್ಯಾಕ್ಸ್‌ವೆಲ್‌ದು! ಇಬ್ಬರಿಗೂ ಪಾಠ ಹೇಳಿದವರು ವಿಲಿಯಂ ಹಾಪ್ಕಿನ್ಸ್ ಎಂಬ ಖಾಸಗಿ ಮೇಷ್ಟ್ರು.

ಆಗ ಅಲ್ಲಿ ಬರೀ ಕಾಲೇಜಿನ ಉಪನ್ಯಾಸ ನೆಚ್ಚಿಕೊಂಡರೆ ರ‍್ಯಾಂಕ್ ಕಷ್ಟವಿತ್ತು. ದುಡ್ಡು ಕೊಟ್ಟು ಇಂಥ ಮೇಷ್ಟ್ರ ಹತ್ತಿರ ಹೋಗಬೇಕಿತ್ತು. ರೌತ್ ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಕೆಲಸ ಮಾಡಿದರು. ಸಣ್ಣ ಸಣ್ಣ ಗುಂಪು, ಕರಾರುವಾಕ್ಕಾದ ವೇಳೆ, ವಾರವಾರ ಬಿಡಿಸಲು ಲೆಕ್ಕ. ಸುಮಾರು 600 ಶಿಷ್ಯರಲ್ಲಿ 27 ಮಂದಿಗೆ ಮೊದಲ ರ‍್ಯಾಂಕ್. ಮುಂದೆ ನೊಬೆಲ್ ಪಡೆದ ರೇಲಿ, ಜೆ.ಜೆ. ಥಾಮ್ಸನ್ ಇಬ್ಬರೂ ಇವರ ಗರಡಿಯಲ್ಲೇ ಪಳಗಿದವರು.

ಈ ದುಡಿಮೆಯ ನಡುವೆಯೇ ಚಲನೆಯ ಸ್ಥಿರತೆಯ ಬಗ್ಗೆ ಬರೆದ ಪ್ರಬಂಧಕ್ಕೆ 1877ರಲ್ಲಿ ಆಡಮ್ಸ್ ಬಹುಮಾನ ಬಂತು. ನಮ್ಮ ಟೇಬಲ್ ಹುಟ್ಟಿದ್ದು ಅದರಲ್ಲೇ.

ರೌತ್ 1907ರಲ್ಲಿ ತೀರಿಕೊಂಡರು. ರ‍್ಯಾಂಕ್ ಕೊಡಿಸೋದರಲ್ಲೇ ಆಯುಷ್ಯ ಸವೆಸಿದ ಈ ಮೇಷ್ಟ್ರ ಹೆಸರು ನಮ್ಮವರೆಗೆ ಬಂದದ್ದು ಮಾತ್ರ, ಪಾಠ ಮುಗಿದ ಮೇಲೆ ಒಬ್ಬರೇ ಹಿಡಿದು ಕೂತ ಒಂದು ಪ್ರಶ್ನೆಯಿಂದ.