ಪಾಲ್ ಐಸ್ಲರ್

ರೇಡಿಯೋವಿನ ಬೆನ್ನು ಬಿಚ್ಚಿ ನೋಡಿದವರಿಗೆಲ್ಲ ಅದರೊಳಗಿನ ಹಲಗೆಯೂ ತಾಮ್ರದ ಗೆರೆಗಳೂ ಪರಿಚಿತವೇ. ಅವುಗಳ ಜನಕನೆಂದು ಹೆಸರಾದವನು ಪಾಲ್ ಐಸ್ಲರ್.

ಈತನು 1907ರಲ್ಲಿ ವಿಯೆನ್ನಾದ ಯೆಹೂದಿ ಮನೆತನದಲ್ಲಿ ಹುಟ್ಟಿದನು. 1930ರಲ್ಲಿ ಇಂಜಿನಿಯರಿಂಗ್ ಪದವಿ ಕೈಗೆ ಬಂದಿತು. ತಕ್ಕ ಕೆಲಸ ಬರಲಿಲ್ಲ. ಯೆಹೂದಿಗಳಿಗೆ ಬಾಗಿಲು ಮುಚ್ಚುತ್ತಿದ್ದ ಕಾಲವದು. ಹೊಟ್ಟೆಪಾಡಿಗಾಗಿ ಪತ್ರಿಕೆ, ಮುದ್ರಣಗಳ ಕೆಲಸ ಹಿಡಿದನು. ಅಚ್ಚಿನ ಮಸಿಯ ಆ ನಂಟೇ ಮುಂದೆ ನೆರವಾಯಿತೆಂದು ನನ್ನ ಎಣಿಕೆ.

1936ರಲ್ಲಿ ಲಂಡನ್ನಿಗೆ ಬಂದು, ಹ್ಯಾಂಪ್‌ಸ್ಟೆಡ್ಡಿನ ಬಾಡಿಗೆ ಕೋಣೆಯಲ್ಲಿಯೇ ಹಲಗೆ ತಯಾರಿಸಿ ರೇಡಿಯೋ ಕಟ್ಟಿದನು. ಒಂದೊಂದು ತಂತಿಯನ್ನೂ ಕೈಯಿಂದ ಬೆಸೆಯುತ್ತಿದ್ದ ದಿನಗಳವು. ಐಸ್ಲರನ ಯುಕ್ತಿಯೇ ಬೇರೆ. ವಿದ್ಯುತ್ತು ಹರಿಯದ ಹಲಗೆಗೆ ತಾಮ್ರದ ತೆಳುಹಾಳೆ ಅಂಟಿಸಿ, ಬೇಕಾದ ದಾರಿಗಳನ್ನು ಮಸಿಯಿಂದ ಮುಚ್ಚಿ, ದ್ರಾವಣದಲ್ಲಿ ಅದ್ದುವುದು. ಬರಿಯ ತಾಮ್ರ ಕರಗಿಹೋಗುವುದು. ಮಸಿಯಡಿಯದು ತಂತಿಯಾಗಿ ಉಳಿಯುವುದು. ಇಂದಿಗೂ ಹವ್ಯಾಸಿಗಳು ಮನೆಯಲ್ಲಿ ಫೆರಿಕ್ ಕ್ಲೋರೈಡಿನ ಬೋಗುಣಿಯಿಟ್ಟುಕೊಂಡು ಮಾಡುವುದು ಇದನ್ನೇ.

ಪ್ಲೆಸಿ ಕಂಪೆನಿಯು ಇದನ್ನು ಬೇಡವೆಂದಿತು. ತಂತಿ ಬೆಸೆಯುವ ಹೆಣ್ಣುಮಕ್ಕಳ ಕೂಲಿಯೇ ಅಗ್ಗವೆಂಬುದು ಅದರ ಲೆಕ್ಕ. ಆ ಹೆಣ್ಣುಮಕ್ಕಳಿಗೆ ನ್ಯಾಯವಾದ ಕೂಲಿ ಸಿಗುತ್ತಿದ್ದರೆ ಲೆಕ್ಕ ಬೇರೆಯಾಗುತ್ತಿತ್ತಲ್ಲವೆ! 1940ರಲ್ಲಿ ಬ್ರಿಟನ್ ಸರಕಾರವು ಈ ಯೆಹೂದಿಯನ್ನೇ ಶತ್ರುದೇಶದವನೆಂದು ಸೆರೆಯಲ್ಲಿಟ್ಟಿತು. 1941ರಲ್ಲಿ ಬಿಡುಗಡೆ. ಹೆಂಡರ್ಸನ್ ಮತ್ತು ಸ್ಪಾಲ್ಡಿಂಗ್ ಎಂಬ ಮುದ್ರಣ ಸಂಸ್ಥೆ ಆಶ್ರಯ ನೀಡಿತು; ಹಕ್ಕುಗಳನ್ನೂ ಬರೆಸಿಕೊಂಡಿತು. 1943ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಲೋಕವೆಲ್ಲ ಆ ಹಲಗೆಯನ್ನು ಬಳಸತೊಡಗಿದಾಗ, 1957ರಲ್ಲಿ ಐಸ್ಲರನು ಟೆಕ್ನೋಗ್ರಾಫ್ ಕಂಪೆನಿಯನ್ನು ಬಿಟ್ಟು ಹೊರಬಂದನು. 1963ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಅಲ್ಲಿನ ಪೇಟೆಂಟುಗಳು ಸಿಂಧುವಲ್ಲವೆಂದು ತೀರ್ಪಿತ್ತಿತು. ಐಸ್ಲರನು 1992ರಲ್ಲಿ, 85ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡನು.